ಮುಚ್ಚಳದ ಮೇಲಿನ ಗೂಡುಗಳು

ಎಂಬತ್ತರ ದಶಕದ ಕೊನೆಯಲ್ಲಿ ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ಖಾಲಿ ರಟ್ಟಿನ ಪೆಟ್ಟಿಗೆಯನ್ನು ಯಾರೂ ಎಸೆಯುತ್ತಿರಲಿಲ್ಲ. ಸೋಪು, ಬಿಸ್ಕತ್ತು ತುಂಬಿ ಬಂದವನ್ನು ಅಂಗಡಿಯವರಿಂದ ಕೇಳಿ ತರುತ್ತಿದ್ದೆವು. ನಂದಿ ಕಡೆಯ ದ್ರಾಕ್ಷಿ ಪೆಟ್ಟಿಗೆ ಸಿಕ್ಕರೆ ಇನ್ನೂ ಒಳ್ಳೆಯದು, ಅದರ ರಟ್ಟು ಗಟ್ಟಿ. ರಟ್ಟನ್ನು ಕೊಯ್ದು, ಮೈದಾ ಅಂಟು ಬಳಿದು, ಹಳೆಯ ಸೀರೆಯ ತುಂಡು ಸುತ್ತಿ, ಬಳೆ, ದಾರ ಇಡುವ ಡಬ್ಬಿ ಮಾಡುತ್ತಿದ್ದೆವು. ನಿಜವಾಗಿ ಮಾಡುತ್ತಿದ್ದವಳು ಪಕ್ಕದ ಮನೆಯ ಗೆಳತಿ. ಅಂಟು ಕಾಯಿಸಿ, ಹುಳ ಹಿಡಿಯದಂತೆ ಮೈಲುತುತ್ತ ಬೆರೆಸುವುದಷ್ಟೇ ನನ್ನ ಕೆಲಸ.

ಅವಳ ಮನೆಯಲ್ಲಿ ರೇಷ್ಮೆ ತೆಗೆಯುವ ಚರಕ ಇತ್ತು. ತಂದೆ ಬೆಳಿಗ್ಗೆ ಮಾರುಕಟ್ಟೆಯಿಂದ ಗೂಡು ತಂದರೆ, ಒಂದೆರಡು ದಿನದಲ್ಲಿ ಅದು ಬಿಸಿನೀರಿಗೆ ಬಿದ್ದು ನೂಲಾಗುತ್ತಿತ್ತು.

ಅವಳಿಗೆ ಚಿಂತಾಮಣಿಯ ಗಂಡು ಗೊತ್ತಾಯಿತು. ಅವರದು ದಿನಸಿ ಅಂಗಡಿ. ಮದುವೆಗೆ ಮುಂಚೆ ಹೆಣ್ಣಿನ ಕಡೆಯಿಂದ ಗಂಡಿಗೆ ಬಟ್ಟೆ, ಅತ್ತರು, ಕರ್ಚೀಫು ಕಳಿಸುವುದು ಅವರಲ್ಲಿ ಪದ್ಧತಿ. ಅವನ್ನು ತಾನೇ ಮಾಡಿದ ಡಬ್ಬಿಗಳಲ್ಲಿ ಕಳಿಸುತ್ತೇನೆಂದು ಅವಳು ಹಟ ಹಿಡಿದಳು. ಮನೆಯ ಮಾತು ಉರ್ದು. ನನಗೆ ತಿಳಿದಂತೆ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅಳಿಯನಿಗೆ ಸೋಪಿನ ಡಬ್ಬದಲ್ಲಿ ಬಟ್ಟೆ ಕಳಿಸ್ತೀಯಾ? ನಾವು ತಲೆ ಎತ್ಕೊಂಡು ಓಡಾಡೋದು ಬೇಡ್ವಾ?" ಎಂದರು ಅವಳ ತಾಯಿ.

"ಮೇಲೆ ಬಟ್ಟೆ ಸುತ್ತಿದ್ಮೇಲೆ ಯಾರಿಗೆ ಗೊತ್ತಾಗುತ್ತೆ ಅಮ್ಮಿ?"

"ಮೂಸಿದ್ರೆ ಗೊತ್ತಾಗಲ್ವಾ?"

"ಮೂಸ್ಲಿ ಬಿಡು. ಅತ್ತರಿನ ಖರ್ಚು ಉಳೀತು."

ತಂದೆ ನಕ್ಕರು. ಅಲ್ಲಿಗೆ ಅನುಮತಿ ಸಿಕ್ಕಿತು.

ಕೆಂಪು ಸೀರೆ ಸುತ್ತಿ, ಅಂಚಿಗೆ ಜರಿ ಹಚ್ಚಿದಳು. ಮುಚ್ಚಳದ ಮೇಲೆ ಬಿಳಿ ಗೂಡುಗಳನ್ನು ಹೂವಿನಂತೆ ಅಂಟಿಸಿದಳು. ಆರಿಸಿದ್ದು ಜೋಡಿ ಗೂಡು. ಎರಡು ಹುಳು ಸೇರಿ ಕಟ್ಟಿದ ಗೂಡಿನ ಎಳೆ ಸಲೀಸಾಗಿ ಬಿಚ್ಚುವುದಿಲ್ಲ, ಹಾಗಾಗಿ ಚರಕದವರು ಅದನ್ನು ಬೇರೆ ಬುಟ್ಟಿಗೆ ಹಾಕುತ್ತಾರೆ. ಆವಿಯಲ್ಲಿ ಬೇಯಿಸಿದರೆ ಬಣ್ಣ ಮಂಕಾಗುತ್ತದೆಂದು ಹಸಿಯದನ್ನೇ ಬಳಸಿದಳು. ನಾವು ಯಾರೂ ಬೇಡವೆನ್ನಲಿಲ್ಲ. ಡಬ್ಬಿಗಳು ಚಿಂತಾಮಣಿಗೆ ಹೋದವು.

ವಾರ ಕಳೆಯುವಷ್ಟರಲ್ಲಿ ಗಂಡಿನ ತಾಯಿ ತಮ್ಮ ತಂಗಿಯೊಂದಿಗೆ ಹೇಳದೆ ಕೇಳದೆ ಬಂದಿಳಿದರು. ನಾನು ಅಲ್ಲೇ ಇದ್ದೆ. ಚಾಪೆ ಹಾಸಿದರೂ ಕೂರಲಿಲ್ಲ, ಚಹಾ ಮುಟ್ಟಲಿಲ್ಲ. ಚೀಲದಿಂದ ಒಂದು ಡಬ್ಬಿ ತೆಗೆದು ನೆಲದ ಮೇಲಿಟ್ಟರು. ಗೂಡುಗಳು ತೂತು ಬಿದ್ದಿದ್ದವು. ಮುಚ್ಚಳದ ಮೇಲೆ ಕಂದು ಕಲೆ, ಸಾಸಿವೆಯಂಥ ಮೊಟ್ಟೆ. ರೆಕ್ಕೆ ಮುದುರಿದ ಒಂದು ಬಿಳಿ ಚಿಟ್ಟೆ ಇನ್ನೂ ಅಲ್ಲೇ ತೆವಳುತ್ತಿತ್ತು.

"ನೆಂಟರಿಗೆ ತೋರಿಸೋಣ ಅಂತ ಬಟ್ಟೆ ತೆಗೆದು ಇದರ ಮೇಲೆ ಇಟ್ಟಿದ್ವಿ. ಬೆಳಿಗ್ಗೆ ನೋಡಿದ್ರೆ ಶರಟಿನ ತುಂಬಾ ಹುಳ, ಕಲೆ," ಎಂದರು ಆಕೆ. "ನಿಮ್ಮ ಮನೇಲಿ ಗುಡಿಸೋದು ಒರೆಸೋದು ಇಲ್ವಾ?"

"ಇಂಥ ರಟ್ಟನ್ನ ನಮ್ಮ ಅಂಗಡೀಲಿ ಬೀದಿಗೆ ಎಸೀತೀವಿ," ಎಂದು ತಂಗಿ ಸೇರಿಸಿದರು.

ಮದುವೆ ಮುರಿಯಲೆಂದೇ ಬಂದಿದ್ದಾರೆಂದು ಗೆಳತಿಯ ತಾಯಿಗೆ ಅನ್ನಿಸಿತು. ಗೋಡೆಗೆ ಒರಗಿ ನಿಂತುಬಿಟ್ಟರು. ತಂದೆ ಚಿಟ್ಟೆಯನ್ನು ಅಂಗೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಹುಟ್ಟಿದಾಗಿನಿಂದ ಗೂಡಿನ ನಡುವೆ ಬದುಕಿದ ಅವರಾಗಲಿ, ಅವರ ಮನೆಯವರಾಗಲಿ ಚಿಟ್ಟೆ ಹೊರಬಂದದ್ದನ್ನು ಕಂಡಿರಲಿಲ್ಲ. ಬೇಯಿಸದ ಗೂಡು ಆ ಮನೆಯಲ್ಲಿ ಅಷ್ಟು ದಿನ ಉಳಿದದ್ದೇ ಇಲ್ಲ. ಜೋಡಿ ಗೂಡಿನ ಬುಟ್ಟಿಯೂ ತುಂಬಿದ ಕೂಡಲೇ ಮಾರಾಟವಾಗುತ್ತಿತ್ತು.

ಗೆಳತಿ ಒಳಗಿನಿಂದ ಒಂದು ಜೋಡಿ ಗೂಡು, ಬ್ಲೇಡು ತಂದಳು. ಎಲ್ಲರೆದುರು ಗೂಡನ್ನು ಸೀಳಿದಳು. ಒಳಗೆ ಎರಡು ಕಂದು ಹುಳುಗಳು ಮಿಸುಕಾಡಿದವು.

"ಇದು ಕೊಳಕಿನ ಹುಳ ಅಲ್ಲ ಖಾಲಾ. ನೀವು ಉಟ್ಟಿರೋ ರೇಷ್ಮೆ ಮಾಡೋದು ಇದೇ. ಬೇಯಿಸದೆ ಬಿಟ್ರೆ ಚಿಟ್ಟೆಯಾಗಿ ಆಚೆ ಬರುತ್ತೆ. ನಂಗೆ ತೋಚಲಿಲ್ಲ, ತಪ್ಪು ನಂದೇ," ಎಂದಳು, ಗಂಡಿನ ತಾಯಿಯನ್ನು ಚಿಕ್ಕಮ್ಮನಂತೆ ಖಾಲಾ ಎಂದು ಕರೆದು.

ಗಂಡಿನ ತಾಯಿ ಬಗ್ಗಿ ನೋಡಿದರು. ನಂತರ ತಮ್ಮ ಸೆರಗನ್ನು ಹಿಡಿದು ನೋಡಿಕೊಂಡರು.

"ಬೇರೆ ಬಟ್ಟೆ ಕಳಿಸಿ. ಡಬ್ಬಿ ಗಿಬ್ಬಿ ಬೇಡ, ಪೇಪರಲ್ಲಿ ಸುತ್ತಿದ್ರೆ ಸಾಕು," ಎಂದರು.

ಮದುವೆ ಉಳಿಯಿತೆಂದು ಉಳಿದವರೆಲ್ಲ ಉಸಿರು ಬಿಟ್ಟರು. ಗೆಳತಿ ಮಾತ್ರ ತಲೆ ತಗ್ಗಿಸಿಕೊಂಡೇ ಹೇಳಿದಳು: "ಡಬ್ಬಿಯಲ್ಲೇ ಕಳಿಸ್ತೀನಿ ಖಾಲಾ. ಗೂಡು ಅಂಟಿಸಲ್ಲ."

ಅತ್ತೆಯಾಗುವವರಿಗೆ ಎದುರು ಮಾತು ಆಡುವ ರೂಢಿ ಇರಲಿಲ್ಲ. ಅವಳ ತಾಯಿ ಮಗಳ ತೋಳು ಚಿವುಟಿದ್ದನ್ನು ನಾನು ಕಂಡೆ. ಗಂಡಿನ ತಾಯಿ ಡಬ್ಬಿಯನ್ನು ಎತ್ತಿಕೊಂಡು, ಮುಚ್ಚಳವನ್ನು ಎರಡು ಸಲ ತೆಗೆದು ಹಾಕಿ ನೋಡಿದರು. ಅದು ಬಿಗಿಯಾಗಿ ಕೂತಿತು. ಆಮೇಲೆ ಚಾಪೆಯ ಮೇಲೆ ಕುಳಿತು, ಚಹಾ ಆರಿಹೋಗಿದೆ, ಬಿಸಿ ಮಾಡಿಕೊಂಡು ಬಾ ಎಂದು ಗೆಳತಿಗೆ ಹೇಳಿದರು.