ಅಡುಗೆಮನೆ ತೋರಿಸದ ಅರಮನೆ

ನೂರು ವರ್ಷದ ಹಿಂದೆ ಅಮೆರಿಕದ ಡಾಲಸ್‌ನಲ್ಲಿ ಒಬ್ಬ ಹತ್ತಿ ವರ್ತಕನಿದ್ದ. ಪ್ಯಾರಿಸ್‌ಗೆ ಹೋಗಿಬಂದವನು ಅಲ್ಲಿನ ಸಿರಿವಂತರ ಹಳೆಯ ಮನೆಯ ಅಚ್ಚನ್ನೇ ಇಲ್ಲಿ ಎಬ್ಬಿಸಿದ. ಬೀದಿಗೆ ಎತ್ತರದ ಗೋಡೆ, ಸಾರೋಟು ನುಗ್ಗುವಷ್ಟು ದೊಡ್ಡ ಬಾಗಿಲು, ಒಳಗೆ ಕಲ್ಲು ಹಾಸಿದ ಅಂಗಳ, ಅದರಾಚೆ ಮನೆ, ಮನೆಯ ಬೆನ್ನಿಗೆ ತೋಟ. ತಲೆಯ ಮೇಲೆ ಕಡಿದಾದ ಕಪ್ಪು ಕಲ್ಲುಹಲಗೆಯ ಸೂರು. ಈಗ ಅದು ಟಿಕೆಟ್ ಕೊಂಡು ನೋಡುವ ಮನೆ.

ಧಾರವಾಡದ ದಾಕ್ಷಾಯಣಿ ವಾರವೆಲ್ಲ ಡಾಲಸ್ ಪಕ್ಕದ ಲಾಸ್ ಕೊಲಿನಾಸ್‌ನ ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದಳು. ಶನಿವಾರ ಈ ಮನೆಯ ಗೈಡ್. ಆರು ವರ್ಷದಿಂದ ಸಂಬಳವಿಲ್ಲದ, ಪ್ರೀತಿಯ ಕೆಲಸ.

ದೊಡ್ಡ ಹಾಲ್‌ನ ಮರದ ಗೋಡೆಯಲ್ಲಿ ಒಂದು ಹಲಗೆಯನ್ನು ಒತ್ತಿದರೆ ಬಾಗಿಲು ತೆರೆಯುತ್ತದೆ. ಹಿಂದೆ ಆಳುಗಳ ಇಕ್ಕಟ್ಟಿನ ಮೆಟ್ಟಿಲು. ಇಳಿದರೆ ಅಡುಗೆಮನೆ, ಹತ್ತಿದರೆ ಸೂರಿನಡಿಯ ಕೋಣೆ. ಮುಂಬಾಗಿಲ ಅಮೃತಶಿಲೆಯ ಮೆಟ್ಟಿಲು ಇವತ್ತಿಗೂ ಹೊಸದು. ಆಳುಗಳ ಈ ಮೆಟ್ಟಿಲಿನ ನಡು ಮಾತ್ರ ಸವೆದು ತಟ್ಟೆಯಾಗಿದೆ. ಮೇಲಿನ ಕೋಣೆಯ ಗೋಡೆಯಲ್ಲಿ ಕೆಲಸದ ಹೆಂಗಸರು ಪೆನ್ಸಿಲ್‌ನಲ್ಲಿ ಬರೆದ ಏಳು ಹೆಸರುಗಳಿವೆ. ದಾಕ್ಷಾಯಣಿ ಪ್ರತಿ ಗುಂಪಿನಿಂದಲೂ ಅವನ್ನು ಗಟ್ಟಿಯಾಗಿ ಓದಿಸುತ್ತಿದ್ದಳು.

ಹೊಸ ಮೇಲ್ವಿಚಾರಕಿ ಮಿಸೆಸ್ ವಿಟ್‌ಮರ್ ಒಂದು ದಿನ ಕರೆದರು. "ಮದುವೆಗೆ ಹಾಲ್ ಕೇಳೋರು ಚಂದ ನೋಡೋಕೆ ಬರ್ತಾರೆ. ಆ ಬಾಗಿಲು ಇನ್ಮೇಲೆ ಬೇಡ. ತೆರೆದರೆ ಬ್ಯಾಡ್ಜ್ ವಾಪಸ್ ಕೊಡಬೇಕು."

ದಾಕ್ಷಾಯಣಿ ಆಗಲೇ ಬ್ಯಾಡ್ಜ್ ಬಿಚ್ಚಿ ಮೇಜಿನ ಮೇಲಿಟ್ಟಳು.

"ಆರು ವರ್ಷದ ಹಠ ಒಂದ ನಿಮಿಷಕ್ಕ ಮುಗೀತೇನು?" ಕಾರಿನಲ್ಲಿ ಗಂಡ ವೆಂಕಟರಮಣ ಕೆಣಕಿದ.

"ಬ್ಯಾಡ್ಜ್ ಇದ್ದವ್ರಿಗೆ ಬಾಯಿ ಮುಚ್ಚು ಅನ್ನಬಹುದು. ಟಿಕೆಟ್ ತಗೊಂಡವ್ರಿಗೆ ಅನ್ನಾಕ ಬರ್ತೈತೇನ್ರೀ?"

ಮುಂದಿನ ಶನಿವಾರ ಟಿಕೆಟ್ ಹಿಡಿದು ಬಂದಳು. ಜೊತೆಗೆ ಹತ್ತಿರದ ಕಾಪೆಲ್ ಊರಿನ ಹನ್ನೊಂದು ಕನ್ನಡದ ಹೆಂಗಸರು. ಹಾಲ್‌ಗೆ ಬಂದಾಗ ಅವರಲ್ಲೊಬ್ಬಳಾದ ಗೆಳತಿ ಮೃಣಾಲಿನಿ ಹೊಸ ಗೈಡ್ ಲಿಂಡಾಳನ್ನು ಕೇಳಿದಳು: "ಅಡುಗೆಮನೆ ಎಲ್ಲಿ?"

"ಅದು ಈ ಟೂರ್‌ನಲ್ಲಿಲ್ಲ."

ದಾಕ್ಷಾಯಣಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಳು. ಹನ್ನೊಂದು ಜನವೂ ಕುಳಿತರು. ಒಬ್ಬಳು ಚೀಲದಿಂದ ಚಕ್ಕುಲಿ ತೆಗೆಯಹೋಗಿ ಪಕ್ಕದವಳಿಂದ ಬೈಸಿಕೊಂಡಳು. ಲಿಂಡಾ ಓಡಿಹೋಗಿ ಮಿಸೆಸ್ ವಿಟ್‌ಮರ್ ಅವರನ್ನು ಕರೆತಂದಳು.

"ಏನಿದು, ಧರಣಿಯಾ?"

"ಅಲ್ಲ," ಎಂದಳು ದಾಕ್ಷಾಯಣಿ. "ನಮ್ಮ ಕಡೆ ಸಂಬಂಧ ಬೆಳೆಸೋ ಮೊದಲು ಗಂಡಿನ ಮನೆ ನೋಡೋಕೆ ಹೋಗ್ತೀವಿ. ಗಂಡಸರು ಪಡಸಾಲೆಯಲ್ಲಿ ಕೂತು ದೊಡ್ಡಸ್ತಿಕೆ ಕೇಳ್ತಾರೆ. ಹೆಂಗಸರು ನೇರ ಅಡುಗೆಮನೆಗೆ ಹೋಗ್ತೀವಿ, ಹಿತ್ತಲು ನೋಡ್ತೀವಿ. ಅಡುಗೆಮನೆ ಮುಚ್ಚಿಟ್ಟ ಮನೆಗೆ ಹೆಣ್ಣು ಕೊಡೋದಿಲ್ಲ."

"ಇಲ್ಲಿ ಯಾರೂ ನಿಮ್ಮ ಹೆಣ್ಣು ಕೇಳಿಲ್ಲವಲ್ಲ."

"ಕೇಳಿದ್ದೀರಿ. ಮೃಣಾಲಿನಿಯ ಮಗಳ ಮದುವೆಗೆ ಇದೇ ಹಾಲ್ ತಗೊಳ್ಳಿ ಅಂತ ಬ್ರೋಷರ್ ಕಳಿಸಿದ್ದು ನೀವೇ. ನೋಡಿ ಹೇಳ್ತೀವಿ ಅಂತ ಬಂದಿದ್ದೀವಿ."

ಮೃಣಾಲಿನಿ ಬ್ರೋಷರ್ ತೆಗೆದು ಬೀಸಣಿಕೆಯಂತೆ ಗಾಳಿ ಹಾಕಿಕೊಂಡಳು.

ಮಿಸೆಸ್ ವಿಟ್‌ಮರ್ ಆ ಬ್ರೋಷರ್ ನೋಡಿದರು, ನೆಲದ ಮೇಲೆ ಕುಳಿತ ಹನ್ನೆರಡು ಜನರನ್ನು ನೋಡಿದರು. ಆಮೇಲೆ ತಾವೇ ಹೋಗಿ ಹಲಗೆ ಒತ್ತಿದರು.

ಹೆಂಗಸರು ಮೊದಲು ಇಳಿದು ಅಡುಗೆಮನೆ ನೋಡಿ, ಆಮೇಲೆ ಒಬ್ಬರ ಹಿಂದೊಬ್ಬರು ಹೆಸರಿದ್ದ ಕೋಣೆಗೆ ಮೇಲೇರಿದರು. ದಾಕ್ಷಾಯಣಿ ಮುಂದೆ ಹೋಗಲಿಲ್ಲ. ಹಾಲ್‌ನ ಬಾಗಿಲಲ್ಲಿ, ಸವೆದ ಮೆಟ್ಟಿಲ ಬಳಿ ಮೇಲ್ವಿಚಾರಕಿಯ ಪಕ್ಕದಲ್ಲೇ ನಿಂತು ಕೂಗಿದಳು:

"ಇನ್ನೂ ಜೋರಾಗಿ ಓದವಾ, ಮೃಣಾಲಿನಿ. ಏಳೂ ಹೆಸರು ಕೆಳಗ ಹಾಲ್‌ಗೆ ಕೇಳಬೇಕು."