ಕಿಡಿ ಬಾರದ ದೋಣಿ ಮೋಟಾರು

ಅಪ್ಪನ ದೋಣಿ ಮೋಟಾರಿಗೆ ಜೀವ ಬರಿಸಲೇಬೇಕೆಂದು ನಾನು ಹಟ ಹಿಡಿದದ್ದು ದೋಣಿ ಓಡಿಸುವ ಆಸೆಯಿಂದಲ್ಲ. ನಮಗೆ ದೋಣಿಯೇ ಇಲ್ಲ. ಚಾಮರಾಜನಗರದ ನಮ್ಮ ಬೀದಿಯಲ್ಲಿ ಕೊಳಾಯಿ ನೀರಿಗೇ ಗತಿಯಿಲ್ಲದ ದಿನಗಳುಂಟು. ಆದರೆ ಆ ಮೋಟಾರು ಕೆಟ್ಟದ್ದಕ್ಕೆ ಅಪ್ಪ ಕಾರಣನಲ್ಲ ಎಂದು ಅವನ ಎದುರಿಗೇ ತೋರಿಸಬೇಕಿತ್ತು, ಅವನು ಇರುವಾಗಲೇ.

ಅಪ್ಪ ಜಲಾಶಯದ ಕಚೇರಿಯಲ್ಲಿ ದೋಣಿ ನಡೆಸುತ್ತಿದ್ದ. ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ಒಮ್ಮೆ, ಸಾಹೇಬರನ್ನು ಕೂರಿಸಿಕೊಂಡು ಹೋಗುವಾಗ ನಡುನೀರಿನಲ್ಲಿ ಮೋಟಾರು ನಿಂತುಹೋಯಿತು. ಸ್ಟಾರ್ಟ್ ಮಾಡುವ ಹಗ್ಗ ಎಳೆದೆಳೆದು ಅಪ್ಪನ ಅಂಗೈ ಕಿತ್ತುಹೋದರೂ ಮತ್ತೆ ಹತ್ತಲಿಲ್ಲ. ಹುಟ್ಟು ಹಾಕಿಕೊಂಡು ದಡಕ್ಕೆ ಬಂದರು. ಪೆಟ್ರೋಲಿಗೆ ಆಯಿಲ್ ಬೆರೆಸುವ ಅಳತೆ ತಪ್ಪಿಸಿ ಇವನೇ ಹಾಳುಮಾಡಿದ ಎಂದು ತೀರ್ಮಾನವಾಯಿತು. ಮೋಟಾರು ಗುಜರಿಗೆ, ಅಪ್ಪ ಗೇಟು ಕಾಯುವುದಕ್ಕೆ. ಹರಾಜಿನಲ್ಲಿ ಯಾರಿಗೂ ಬೇಡವಾದ ಅದನ್ನು ಕೊನೆಗೆ ಅವನೇ ಹೊತ್ತು ತಂದ.

"ನಾನೇ ಎಲ್ಲೋ ಅಳ್ತೆ ತಪ್ಪುಸ್ಬುಟ್ಟೆ ಕಣಮ್ಮಿ," ಎನ್ನುತ್ತಿದ್ದ, ಯಾರೂ ಕೇಳದಿದ್ದರೂ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಮೈಯುರಿಯುತ್ತಿತ್ತು. ಕಾಫಿಪುಡಿ ಹಾಕುವಾಗಲೂ ಚಮಚದ ತಲೆ ಸಮನಾಗಿ ಸವರಿ ಹಾಕುವ ಮನುಷ್ಯ ಅವನು.

ನನ್ನದು ಹೊಲಿಗೆ ಯಂತ್ರ ರಿಪೇರಿಯ ಅಂಗಡಿ. ಸಣ್ಣ ಸ್ಕ್ರೂಗಳ ಮುಂದೆ ದಿನಗಟ್ಟಲೆ ಕೂರುವ ತಾಳ್ಮೆ ಇದೆ, ಮನುಷ್ಯರ ಮುಂದೆ ಇಲ್ಲ. ಕಳೆದ ಬೇಸಿಗೆಯಲ್ಲಿ ಮೋಟಾರನ್ನು ಅಂಗಡಿಗೆ ತಂದೆ. ಹೊಸ ಪ್ಲಗ್ ಹಾಕಿದೆ, ಇಲಿ ಕಡಿದಿದ್ದ ವೈರು ಬದಲಿಸಿದೆ. ಪ್ಲಗ್ಗನ್ನು ಎಂಜಿನ್ನಿಗೆ ತಾಗಿಸಿ ಹಗ್ಗ ಎಳೆದರೆ ತುದಿಯಲ್ಲಿ ನೀಲಿ ಕಿಡಿ ಹಾರಬೇಕು. ಏನೂ ಇಲ್ಲ. ಒಂದು ವಾರ ಎಳೆದೆ, ಭುಜ ಬಾತುಕೊಂಡಿತು. ಕಿಡಿ ಹುಟ್ಟುವುದು ಮೋಟಾರಿನ ನೆತ್ತಿಯ ಮೇಲಿರುವ ಭಾರದ ಚಕ್ರದ ಅಡಿಯಲ್ಲಿ. ಅದನ್ನು ಬಿಚ್ಚುವ ಪುಲ್ಲರ್ ನನ್ನ ಹತ್ತಿರ ಇರಲಿಲ್ಲ.

ಗುಂಡ್ಲುಪೇಟೆಯಲ್ಲಿ ಹಳೇ ಮೊಪೆಡ್ಡುಗಳಲ್ಲಿ ಕಿಡಿಗೆ ಕರೆಂಟು ಕೊಡುವ ಮ್ಯಾಗ್ನೆಟ್ ರಿಪೇರಿ ಮಾಡುವ ಹಿರಿಯ ಸಾಬರೊಬ್ಬರಿದ್ದಾರೆ. ನಾನು ಭಾಯ್ ಎನ್ನುತ್ತೇನೆ. ಮನೆಯವರ ಜೊತೆ ಉರ್ದು, ನನ್ನ ಜೊತೆ ಅಪ್ಪಟ ಊರ ಕನ್ನಡ. ಮೋಟಾರನ್ನು ಗೋಣಿಚೀಲದಲ್ಲಿ ಸುತ್ತಿ, ಬಸ್ಸಿಗೆ ಹಾಕಿಕೊಂಡು ಅವರಲ್ಲಿಗೆ ಹೋದೆ. ಚಕ್ರ ಕಚ್ಚಿಕೊಂಡಿತ್ತು. ನಾನು ಸುತ್ತಿಗೆ ಎತ್ತಿದೆ. ಅವರು ಕಸಿದುಕೊಂಡರು.

"ಒಡುದ್ರೆ ಮ್ಯಾಗ್ನೆಟ್ ಸತ್ತೋಯ್ತದೆ ಕಣಮ್ಮ. ಸೀಮೆಎಣ್ಣೆ ಬುಟ್ಟಿವ್ನಿ, ನಾಳೆ ಬಾ."

ಮರುದಿನ ಹೋದೆ, ಅದರ ಮರುದಿನವೂ ಹೋದೆ. ಪುಲ್ಲರಿನ ಬೋಲ್ಟನ್ನು ಅವರು ಕಾಲು ಸುತ್ತು, ಕಾಲು ಸುತ್ತು ಬಿಗಿಯುತ್ತ ಹೋದಂತೆ ಚಕ್ರ ಟಕ್ಕೆಂದು ಮೇಲೆದ್ದಿತು. ಅದರಡಿ, ತೆರೆದು ಮುಚ್ಚುತ್ತ ಕಿಡಿ ಹುಟ್ಟಿಸುವ ಎರಡು ಪುಟ್ಟ ಪಾಯಿಂಟುಗಳಿರುತ್ತವೆ. ಅವುಗಳ ನಡುವೆ ಕೆಂಪಗೆ ಏನೋ ಗಟ್ಟಿಯಾಗಿ ಕೂತಿತ್ತು. ತುಕ್ಕು ಅಂದುಕೊಂಡೆ. ಭಾಯ್ ಉಗುರಿನಿಂದ ಕೆರೆದು, ಮೂಸಿ, ನನ್ನ ಮುಖ ನೋಡಿದರು.

"ತುಕ್ಕಲ್ಲ ಕಣಮ್ಮ, ಕುಂಕ್ಮ. ಆಯುಧಪೂಜೇಲಿ ಮೇಲ್ಗಡೆ ಇಡ್ತಾರೆ. ಒಳ್ಗಡೆ ಯಾರ್ ಇಟ್ರೋ ಕಾಣೆ."

ಯಾರೆಂದು ನನಗೆ ಗೊತ್ತಾಯಿತು. ಆ ವರ್ಷದ ಹಬ್ಬಕ್ಕೆ ಅಪ್ಪ ನನ್ನನ್ನೂ ಕಚೇರಿಗೆ ಕರೆದುಕೊಂಡು ಹೋಗಿ, ಮೋಟಾರಿನ ಮುಚ್ಚಳ ತೆಗೆದು ಒರೆಸಿ, ಕುಂಕುಮದ ಬಟ್ಟಲನ್ನು ನನ್ನ ಕೈಗೆ ಕೊಟ್ಟು ಹೂ ತರಲು ಹೋಗಿದ್ದ. ಮೇಲೆಲ್ಲ ಇಟ್ಟು ಮುಗಿದ ಮೇಲೆ ಚಕ್ರದಲ್ಲೊಂದು ಕಿಂಡಿ ಕಂಡಿತು. ಒಳಗಿನದಕ್ಕೂ ಪೂಜೆಯಾಗಲಿ ಎಂದು ಬೆರಳು ತೂರಿಸಿ, ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಧಾರಾಳವಾಗಿ ಮೆತ್ತಿದ್ದೆ. ಮೋಟಾರು ನಿಂತದ್ದು ಹಬ್ಬ ಕಳೆದ ವಾರದಲ್ಲೇ. ಅದುರಿ ಅದುರಿ ಅದು ಪಾಯಿಂಟುಗಳ ನಡುವೆ ಇಳಿದಿರಬೇಕು.

ನಾಚಿಕೆಯಾಯಿತು, ಭಯವೂ ಆಯಿತು. ಮೋಟಾರನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿಬಿಡೋಣ, ರಿಪೇರಿ ಆಗಲಿಲ್ಲ ಎಂದರಾಯಿತು ಅನ್ನಿಸಿದ್ದೂ ನಿಜ. ಆಮೇಲೆ ಎಮರಿ ಪೇಪರ್ ಕೇಳಿ ತೆಗೆದುಕೊಂಡು ನಾನೇ ಉಜ್ಜಲು ಕೂತೆ. ಕೆಂಪು ಹೋಗಿ ಲೋಹ ಹೊಳೆಯುವವರೆಗೂ ಉಜ್ಜಿದೆ. ಭಾಯ್ ಚಕ್ರ ಕೂರಿಸಿದರು. ಹಗ್ಗ ಎಳೆದೆ. ಪ್ಲಗ್ಗಿನ ತುದಿಯಲ್ಲಿ ನೀಲಿ ಕಿಡಿ ಚಟ್ ಎಂದಿತು.

ಭಾನುವಾರ ಬೆಳಗ್ಗೆ ಹಿತ್ತಲಿನಲ್ಲಿ ನೀರು ತುಂಬಿದ ಡ್ರಮ್ಮಿಗೆ ಮೋಟಾರು ಬಿಗಿದೆ. ಪೆಟ್ರೋಲಿಗೆ ಆಯಿಲ್ ಬೆರೆಸು ಎಂದು ಅಪ್ಪನಿಗೆ ಹೇಳಿದೆ. ಒಲ್ಲೆ ಎಂದ. ನಾನೂ ಬಿಡಲಿಲ್ಲ. ಕೊನೆಗೆ ತನ್ನ ಹಳೇ ಅಳತೆಯಲ್ಲೇ ಬೆರೆಸಿದ. ಏಳನೆಯ ಎಳೆತಕ್ಕೆ ಮೋಟಾರು ಹೊಗೆ ಕಾರುತ್ತ ಹತ್ತಿಕೊಂಡಿತು, ಡ್ರಮ್ಮಿನ ಅರ್ಧ ನೀರು ನಮ್ಮಿಬ್ಬರ ಮೇಲೆ. ಅಪ್ಪ ಅದರ ಮೇಲೆ ಕೈಯಿಟ್ಟು ನಿಂತುಬಿಟ್ಟ. ಎಷ್ಟು ಹೊತ್ತಾದರೂ ಆಫ್ ಮಾಡಲು ಬಿಡಲಿಲ್ಲ.

ಸದ್ದು ನಿಂತ ಮೇಲೆ ಹೇಳಿದೆ. ಅಳತೆ ಅವತ್ತೂ ಸರಿಯಿತ್ತು, ಒಳಗೆ ಕುಂಕುಮ ಮೆತ್ತಿದವಳು ನಾನು, ನಿನ್ನನ್ನು ಗೇಟಿಗೆ ಹಾಕಿಸಿದವಳೂ ನಾನೇ ಎಂದೆ. ಬೈಯಲಿ ಎಂದು ಕಾದೆ. ಅಪ್ಪ ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು, ಬೇಲಿಯ ಆಚೆ ಯಾರಾದರೂ ಇದ್ದಾರೆಯೇ ಎಂದು ನೋಡಿದ.

"ಇದ ಯಾರ್ಗೂ ಏಳ್ಬ್ಯಾಡ ಕಣಮ್ಮಿ," ಎಂದ ಮೆಲ್ಲಗೆ. "ಅಳ್ತೆ ತಪ್ಪಾಗಿತ್ತು ಅಂತ್ಲೇ ಇರ್ಲಿ ಬುಡು. ನಿನ್ ಮೇಲ್ಯಾಕ್ ಬರ್ಬೇಕು."

ಸಿಟ್ಟು ಬಂತು, ಅಳುವೂ ಬಂತು. ಅವನ ಮಾತು ಮೀರುವುದು ನನಗೇನೂ ಹೊಸದಲ್ಲ. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ, ಅಪ್ಪನ ಅಳತೆ ಸರಿಯಿತ್ತು.