ಹರಿದ ಎಳೆಗೊಂದು ಹರಕೆ

ದೊಡ್ಡಬಳ್ಳಾಪುರದ ಈ ಓಣಿಯಲ್ಲಿ ಮಗ್ಗಗಳ ಸದ್ದು ಇನ್ನೂ ಎದ್ದಿಲ್ಲ. ಪ್ರಮೋದಾ ಆಗಲೇ ಕತ್ತರಿ ಹಿಡಿದು ಮಗ್ಗದ ಮೇಲೆ ಬಾಗಿದ್ದಾರೆ. ಉದ್ದಕ್ಕೆ ಬಿಗಿದು ನಿಂತ ರೇಷ್ಮೆ ಎಳೆಗಳ ಹಾಸಿನಲ್ಲಿ ಒಂದು ಎಳೆ ಆರಿಸಿ, ಕತ್ತರಿಸಿ, ಗಂಡನನ್ನು ಕರೆಯುತ್ತಾರೆ. ನೇಯ್ದು ಉಣ್ಣುವ ಯಾರೂ ಬೇಕೆಂದು ಮಾಡದ ಕೆಲಸ ಇದು.

ಮಾಸ್ಕ್ ಹಾಕಿಕೊಂಡು ಬಂದ ಮಂಜೇಶ್, ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ಬಲಗಣ್ಣಿನಲ್ಲಿ ಹಾಸನ್ನು ನೋಡುತ್ತಾರೆ. ಹರಿದ ಎಳೆ ಎಲ್ಲಿದೆ ಎಂದು ಅವರು ತೋರಿಸಬೇಕು. ತೋರಿಸಿದರೆ ಆ ದಿನದ ಮಟ್ಟಿಗೆ ಕಣ್ಣು ಉಳಿದಿದೆ ಎಂದು ಲೆಕ್ಕ.

"ಎರಡು ಹರಿದವೆ ಕಣೆ."

ಪ್ರಮೋದಾ ಕತ್ತರಿಸಿದ್ದು ಒಂದೇ. ದೀಪವನ್ನು ಹತ್ತಿರ ಎಳೆದುಕೊಂಡು, ಗಂಡ ಬೆರಳಿಟ್ಟು ತೋರಿಸಿದ ಇನ್ನೊಂದು ಜಾಗದಲ್ಲಿ ಹುಡುಕುತ್ತಾರೆ. ಅಲ್ಲಿ ಎಳೆ ನಿಜಕ್ಕೂ ಹರಿದಿಲ್ಲವಾದರೆ ಹರಿದಿರುವುದು ಕಣ್ಣು.

ಕಳೆದ ವರ್ಷ ಮಂಜೇಶ್‌ಗೆ ರಕ್ತದ ಕ್ಯಾನ್ಸರ್ ಮರುಕಳಿಸಿತು. ಬೆಂಗಳೂರಿನಲ್ಲಿ ಕಾರ್-ಟಿ ಚಿಕಿತ್ಸೆ ಆಯಿತು. ಅವರದೇ ರಕ್ತದ ಕಾವಲು ಕಣಗಳನ್ನು ಹೊರತೆಗೆದು, ಕ್ಯಾನ್ಸರ್ ಗುರುತು ಹಿಡಿಯುವಂತೆ ಪ್ರಯೋಗಾಲಯದಲ್ಲಿ ಮಾರ್ಪಡಿಸಿ, ಮತ್ತೆ ಮೈಗೆ ಏರಿಸಿದರು. "ಕಾರೂ ಕೊಟ್ಟು ಟೀನೂ ಕೊಟ್ರೇನಪ್ಪಾ?" ಎಂದು ಎದುರು ಮನೆಯ ಗಂಗಣ್ಣ ಕಿಚಾಯಿಸಿದ್ದರಂತೆ. "ಎರಡೂ ಇಲ್ಲ ಗಂಗಣ್ಣ. ನನ್ ರಕ್ತಾನೇ ರಿಪೇರಿ ಮಾಡಿ ನಂಗೇ ಕೊಟ್ರು" ಎಂದು ಮಂಜೇಶ್ ನಕ್ಕಿದ್ದರು.

ಕ್ಯಾನ್ಸರ್ ಅಡಗಿತು. ಅದರ ಜೊತೆಗೆ ಮೈಯ ಕಾವಲೂ ಕುಸಿಯಿತು. ಎಷ್ಟೋ ಜನರ ಮೈಯಲ್ಲಿ ತೊಂದರೆ ಕೊಡದೆ ಮಲಗಿರುವ ಒಂದು ವೈರಸ್ ಇವರ ಮೈಯಲ್ಲಿ ಎದ್ದು ಕೂತು, ಎಡಗಣ್ಣಿನ ಒಳಪರದೆಯನ್ನು ತಿನ್ನತೊಡಗಿತು. ನೋವಿಲ್ಲ, ಕೆಂಪಿಲ್ಲ. ಕಪ್ಪು ಚುಕ್ಕೆಗಳು ತೇಲುತ್ತಿವೆ ಎಂದಾಗ ಮನೆಯವರು ಕನ್ನಡಕದ ನಂಬರ್ ಬದಲಾಗಿದೆ ಎಂದುಕೊಂಡರು. ತಂಪಾಗಲಿ ಎಂದು ಮಂಜೇಶ್ ತಾಯಿ ಮುನಿವೆಂಕಟಮ್ಮ ಕಣ್ಣಿಗೆ ನಂದಿಬಟ್ಟಲು ಹೂ ಇಟ್ಟು ಕಟ್ಟಿದರು. "ಹೊಸಾ ಕನ್ನಡಕ ಬರೋ ಹೊತ್ಗೆ ಆ ಕಣ್ಣಲ್ಲಿ ಅರ್ಧ ಕತ್ಲೆ" ಎನ್ನುತ್ತಾರೆ ಪ್ರಮೋದಾ.

ವೈರಸ್ ಬಲಗಣ್ಣಿಗೂ ಬರಬಹುದು. ದಿನಾ ನೋಡಿ, ಗೆರೆ ತುಂಡಾಗಿ ಕಂಡರೆ ಅವತ್ತೇ ಓಡಿ ಬನ್ನಿ ಎಂದು ಡಾಕ್ಟರ್ ಚೌಕಳಿ ಗೆರೆಯ ಹಾಳೆ ಕೊಟ್ಟಿದ್ದರು.

"ಸೂಜೀನ ಕಣ್ಣೊಳಕ್ಕೇ ಹಾಕ್ತಾರೆ. ಆ ಭಯಕ್ಕೆ ಇವ್ರು, ಹಾಳೆ ಹಿಡಿದ್ರೆ ಸಾಕು, ಎಲ್ಲಾ ಸರಿಗೈತೆ ಅಂತ ಸುಳ್ಳೇಳೋರು. ಮಗ್ಗದ ಮುಂದೆ ಸುಳ್ಳು ನಡೆಯಲ್ಲ ಬಿಡಿ" ಎನ್ನುತ್ತಾರೆ ಪ್ರಮೋದಾ.

ಪರೀಕ್ಷೆ ಮುಗಿದ ಮೇಲೆ ಸಂಜೆವರೆಗೂ ಇಬ್ಬರ ಕೆಲಸ ಇವರೊಬ್ಬರದೇ. ನಡುವೆ ಕುದಿಸಿ ಆರಿಸಿದ ನೀರು, ಹೊತ್ತುಹೊತ್ತಿನ ಮಾತ್ರೆ. ಮೂಗು ಸೋರುವ ಮಕ್ಕಳನ್ನು ಸೊಂಟಕ್ಕೇರಿಸಿಕೊಂಡು ರೋಗಿ ನೋಡಲು ಬರುವ ನೆಂಟರನ್ನು ಬಾಗಿಲಲ್ಲೇ ತಡೆಯುವುದೂ ಇವರೇ. ಅದಕ್ಕೆ ಗಯ್ಯಾಳಿ ಎಂಬ ಹೆಸರೂ ಬಂದಿದೆ. ಇನ್ನೊಬ್ಬರ ಜೀವಕ್ಕಿಂತ ತಮ್ಮ ಮರ್ಯಾದೆ ದೊಡ್ಡದಾಗಿ ಕಾಣುವವರು ಅವರವರ ಮನೆಯಲ್ಲೇ ಇರುವುದು ಒಳ್ಳೆಯದು.

ಇವತ್ತು ಪ್ರಮೋದಾ ಆ ಎರಡನೇ ಎಳೆಯನ್ನು ಇನ್ನೂ ಹುಡುಕುತ್ತಿದ್ದಾರೆ. ಬೆರಳು ಎಳೆಯಿಂದ ಎಳೆಗೆ ಸರಿಯುತ್ತಿದೆ. ಅಡುಗೆಮನೆ ಬಾಗಿಲಲ್ಲಿ ನಿಂತ ಮುನಿವೆಂಕಟಮ್ಮ ಶಿವಗಂಗೆಯ ಕಡೆ ಕೈಮುಗಿದು, "ಹರಿದಿರ್ಲಪ್ಪಾ, ಹರಿದಿರ್ಲಿ. ಬೆಟ್ಟ ಹತ್ತಿ ಬರ್ತೀನಿ" ಎನ್ನುತ್ತಿದ್ದಾರೆ. ಮಂಜೇಶ್ ಮುಚ್ಚಿದ ಕೈ ತೆಗೆದಿಲ್ಲ.

"ಲೇ, ಮಾತಾಡೇ."

ಹಾಸಿನ ಕೆಳಗೆ ಜೋತುಬಿದ್ದ ಒಂದು ತುದಿ ಪ್ರಮೋದಾರ ಬೆರಳಿಗೆ ಸಿಗುತ್ತದೆ. "ಐತೆ ರೀ. ಹರಿದೈತೆ. ನಿನ್ನೆ ಕತ್ರಿಸಿ ಗಂಟಾಕಿದ್ನಲ್ಲ, ಅದೇ ಬಿಚ್ಕೊಂಡೈತೆ."

"ಇಷ್ಟು ವರ್ಷ ನೇಯ್ದು ಒಂದು ಗಂಟಾಕಕ್ಕೆ ಬರಲ್ವಲ್ಲೇ ನಿಂಗೆ" ಎಂದು ಮಂಜೇಶ್ ಕಣ್ಣಿನ ಮೇಲಿನ ಕೈ ತೆಗೆದು ಅಲ್ಲೇ ಗೋಡೆಗೊರಗಿ ಕೂರುತ್ತಾರೆ.

ಪ್ರಮೋದಾ ಎರಡೂ ಎಳೆಗಳನ್ನು ಗಂಟು ಹಾಕಿ, ಒಂದೊಂದನ್ನೂ ಎಳೆದು ನೋಡಿ, ಕತ್ತರಿಯನ್ನು ಗೂಟಕ್ಕೆ ನೇತುಹಾಕುತ್ತಾರೆ. "ನೇಯೋರೆಲ್ಲ ಎಳೆ ಹರೀದೇ ಇರ್ಲಿ ಅಂತ ಬೇಡ್ಕೊತಾರೆ. ನಂಗೂ ಹಂಗೆ ಬೇಡ್ಕೊಳ್ಳೋ ದಿನ ಬಂದ್ರೆ ಸಾಕು."